ಅರಿವಳಿಕೆ ಆಳವಾದರೆ ನೋವು ಕಡಿಮೆಯಾಗುತ್ತದೆಯೇ?

ಆಪರೇಷನ್ನಿನ ಹಿಂದಿನ ಸಂಜೆ ಅರಿವಳಿಕೆ ವೈದ್ಯರು ವಾರ್ಡಿಗೆ ಬಂದಾಗ ರೋಗಿಗಳು ಕೇಳಿಕೊಳ್ಳುವ ಮಾತು ಹೆಚ್ಚೂಕಡಿಮೆ ಒಂದೇ: “ಡಾಕ್ಟ್ರೇ, ಚೆನ್ನಾಗಿ ಮತ್ತು ಬರೋ ಹಾಗೆ ಕೊಟ್ಬಿಡಿ, ಆಮೇಲೆ ನೋವು ಅನ್ನೋದೇ ಗೊತ್ತಾಗ್ಬಾರ್ದು.” ಈ ಮಾತಿನಲ್ಲಿ ಎರಡು ಬೇಡಿಕೆಗಳಿವೆ. ಕೊಯ್ಯುವಾಗ ಪ್ರಜ್ಞೆ ಇರಬಾರದು, ಎದ್ದ ಮೇಲೆ ನೋಯಬಾರದು. ಎರಡನ್ನೂ ಒಂದೇ ಔಷಧ ಮಾಡುತ್ತದೆ, ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ರೋಗಿಗಳಿಗಷ್ಟೇ ಅಲ್ಲ, ಥಿಯೇಟರಿನ ಒಳಗಿರುವ ಕೆಲವರಿಗೂ ಇದೆ. ಹೊಟ್ಟೆಯ ಸ್ನಾಯು ಸ್ವಲ್ಪ ಬಿಗಿಯಾಯಿತೋ, ಸರ್ಜನ್ ಬಾಯಿಂದ “ಇನ್ನೂ ಸ್ವಲ್ಪ ಡೀಪ್ ಮಾಡಿ” ಎಂಬ ಮಾತು ಬಂದೇ ಬರುತ್ತದೆ. ಆಗ ಬೇಕಾದದ್ದು ಹೆಚ್ಚಿನ ಸಲ ಸ್ನಾಯು ಸಡಿಲಿಸುವ ಔಷಧ. ಕೈ ಹೋಗುವುದು ಮಾತ್ರ ಅನಿಲದ ಗುಂಡಿಯ ಕಡೆಗೆ.

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ನಿತ್ಯ ನಡೆಯುವ ಪಿತ್ತಕೋಶದ ಲ್ಯಾಪರೋಸ್ಕೋಪಿ ಆಪರೇಷನ್ನನ್ನೇ ತೆಗೆದುಕೊಳ್ಳೋಣ. 60 ಕೆ.ಜಿ. ತೂಕದ, ಬೇರೆ ಕಾಯಿಲೆ ಇಲ್ಲದ, ನಲವತ್ತರ ಆಸುಪಾಸಿನ ಹೆಂಗಸು ಎಂದುಕೊಳ್ಳಿ. ಮೊದಲು ಫೆಂಟನಿಲ್ 120 ಮೈಕ್ರೋಗ್ರಾಂ, ಹಿಂದೆಯೇ ಪ್ರೊಪೊಫಾಲ್ 120 ಮಿ.ಗ್ರಾಂ., ಸ್ನಾಯು ಸಡಿಲವಾಗಲು ಅಟ್ರಾಕ್ಯೂರಿಯಂ 30 ಮಿ.ಗ್ರಾಂ. ಶ್ವಾಸನಾಳಕ್ಕೆ ಟ್ಯೂಬ್ ಇಳಿಯುತ್ತದೆ. ಅಲ್ಲಿಂದ ಮುಂದೆ ಆಪರೇಷನ್ ಮುಗಿಯುವ ತನಕ ಸೆವೊಫ್ಲುರೇನ್ ಆವಿ. ಈಗ ಯಾವುದು ಏನು ಮಾಡುತ್ತಿದೆ ನೋಡಿ. ಪ್ರೊಪೊಫಾಲ್ ಪ್ರಜ್ಞೆ ತಪ್ಪಿಸುತ್ತದೆ. ನೋವಿನ ಮೇಲೆ ಅದಕ್ಕೆ ಹೇಳಿಕೊಳ್ಳುವಂಥ ಹಿಡಿತವಿಲ್ಲ. ಅಟ್ರಾಕ್ಯೂರಿಯಂ ಸ್ನಾಯುವನ್ನು ಮಾತ್ರ ಕಟ್ಟಿಹಾಕುತ್ತದೆ. ಸೆವೊಫ್ಲುರೇನ್ ನಿದ್ದೆಯನ್ನು ಮುಂದುವರಿಸುತ್ತದೆ. ನಾಲ್ಕರಲ್ಲಿ ನೋವಿನ ಔಷಧ ಎಂದು ಕರೆಯಬಹುದಾದದ್ದು ಫೆಂಟನಿಲ್ ಒಂದೇ, ಒಂದು ಸಲ ಕೊಟ್ಟ ಅದರ ಕೆಲಸ 30ರಿಂದ 45 ನಿಮಿಷ. ಆಪರೇಷನ್ ಒಂದು ಗಂಟೆ ಹಿಡಿಯಿತು ಎಂದರೆ ಕೊನೆಯ ಹೊಲಿಗೆ ಬೀಳುವ ಹೊತ್ತಿಗೆ ನೋವಿಗೆ ಅಡ್ಡ ನಿಂತದ್ದು ಏನೂ ಉಳಿದಿರುವುದಿಲ್ಲ. ಸೆವೊಫ್ಲುರೇನ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ಹೊಟ್ಟೆ ಹಿಡಿದುಕೊಂಡು ನರಳುತ್ತಾ ಏಳುವ ರೋಗಿಗೆ “ಮತ್ತು ಕಡಿಮೆಯಾಗಿತ್ತು” ಎಂದು ಮನೆಯವರು ಅಂದುಕೊಳ್ಳುತ್ತಾರೆ. ಕಡಿಮೆಯಾಗಿದ್ದದ್ದು ಮತ್ತಲ್ಲ.

ಅರಿವಳಿಕೆಯ ಆಳವನ್ನು ಅಳೆಯಲು ನಮ್ಮಲ್ಲಿ ಎರಡು ಅಳತೆಗೋಲುಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಮ್ಯಾಕ್. 1960ರ ದಶಕದಲ್ಲಿ ಎಡ್ಮಂಡ್ ಎಗರ್ ಮತ್ತು ಸಂಗಡಿಗರು ರೂಪಿಸಿದ್ದು. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಮಂದಿ ಅಲುಗಾಡದಿರಲು ಉಸಿರಿನ ಕೊನೆಯಲ್ಲಿ ಎಷ್ಟು ಅನಿಲ ಇರಬೇಕೋ ಅದು ಒಂದು ಮ್ಯಾಕ್. ನಲವತ್ತು ವರ್ಷದವರಿಗೆ ಸೆವೊಫ್ಲುರೇನ್‌ನಲ್ಲಿ ಸುಮಾರು ಶೇ 1.8ರಿಂದ 2, ಐಸೋಫ್ಲುರೇನ್‌ನಲ್ಲಿ ಶೇ 1.15ರಷ್ಟು, ಡೆಸ್‌ಫ್ಲುರೇನ್‌ನಲ್ಲಿ ಶೇ 6ರ ಸುತ್ತಮುತ್ತ. ಪ್ರತಿ ಹತ್ತು ವರ್ಷಕ್ಕೆ ಶೇ 6ರಂತೆ ಇದು ಇಳಿಯುತ್ತದೆ. ಹಾಗಾಗಿ ಎಪ್ಪತ್ತರ ಅಜ್ಜನಿಗೆ ನಲವತ್ತರ ಮಗನಿಗೆ ಇಟ್ಟಷ್ಟೇ ಇಟ್ಟರೆ ಆಳ ತಾನಾಗಿಯೇ ಹೆಚ್ಚಾಗಿರುತ್ತದೆ. ಮ್ಯಾಕ್‌ನ ಹುಟ್ಟಿನಲ್ಲೇ ಒಂದು ವಿಷಯ ಅಡಗಿದೆ, ಅದನ್ನು ಮರೆಯುವವರೇ ಹೆಚ್ಚು: ಅದು ಅಳೆಯುವುದು ಅಲುಗಾಟವನ್ನು. ನೋವಿನ ಸಂಕೇತ ನಿಂತಿತೋ ಇಲ್ಲವೋ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಬಿಸ್ ಮಾನಿಟರ್. ಹಣೆಗೆ ನಾಲ್ಕು ಬಿಂದುಗಳ ಪಟ್ಟಿ ಅಂಟಿಸಿ, ಮಿದುಳಿನ ಮುಂಭಾಗದ ವಿದ್ಯುತ್ ಅಲೆಗಳನ್ನು ಓದಿ, 0ಯಿಂದ 100ರ ನಡುವಿನ ಒಂದು ಅಂಕಿಯಾಗಿ ತೋರಿಸುವ ಯಂತ್ರ. 1996ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಪೂರ್ತಿ ಎಚ್ಚರವಿದ್ದರೆ 100ರ ಹತ್ತಿರ, ಜನರಲ್ ಅನಸ್ತೇಷಿಯಾಕ್ಕೆ 40ರಿಂದ 60, ಮಿದುಳಿನ ಅಲೆಗಳು ಪೂರಾ ಚಪ್ಪಟೆಯಾದರೆ 0. ತೋರಿಸುವ ಅಂಕಿ ಕೆಲವು ಸೆಕೆಂಡು ಹಳೆಯದು ಎಂಬುದು ನೆನಪಿರಬೇಕು. ಕೆಟಮೈನ್ ಎಂಬ ಅರಿವಳಿಕೆ ಔಷಧ ಕೊಟ್ಟರೆ ಅಂಕಿ ಏರುತ್ತದೆ, ರೋಗಿ ಮಾತ್ರ ಇನ್ನೂ ಆಳಕ್ಕೆ ಹೋಗಿರುತ್ತಾನೆ. ನೈಟ್ರಸ್ ಆಕ್ಸೈಡ್ ಕೊಟ್ಟರೆ ಅಂಕಿ ಅಷ್ಟಾಗಿ ಕದಲುವುದೇ ಇಲ್ಲ. ಹಣೆಯ ಸ್ನಾಯುಗಳ ಮಿಡಿತವನ್ನು ಮಿದುಳಿನದೆಂದು ತಿಳಿದು ಅಂಕಿ ಏರಿಸುವುದೂ ಉಂಟು. ಅದಕ್ಕೆ ವಿರುದ್ಧವಾಗಿ, ಪೂರ್ತಿ ಎಚ್ಚರವಿದ್ದ ಸ್ವಯಂಸೇವಕರಿಗೆ ಬರೀ ಸ್ನಾಯು ಸಡಿಲಿಸುವ ಔಷಧ ಕೊಟ್ಟಾಗ ಬಿಸ್ 60ಕ್ಕಿಂತ ಕೆಳಗಿಳಿದದ್ದು ದಾಖಲಾಗಿದೆ. ಪರದೆಯ ಮೇಲಿನ ಅಂಕಿಯ ಪಕ್ಕದಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿಯೂ ಸ್ನಾಯು ಮಿಡಿತದ ಪಟ್ಟಿಯೂ ಇರುವುದು ಇದಕ್ಕೇ. ಅವೆರಡನ್ನು ನೋಡದೆ ದೊಡ್ಡ ಅಕ್ಷರದ ಅಂಕಿಯನ್ನಷ್ಟೇ ನೋಡುವುದಾದರೆ ಹಣೆಗೆ ಅಂಟಿಸಿದ ಪಟ್ಟಿಯ ದುಡ್ಡು ದಂಡ.

ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ ಬೇರೆ. ಕೊಯ್ತ ನಡೆಯದ ಹೊತ್ತಿನಲ್ಲಿ ಫೆಂಟನಿಲ್ ಕೊಟ್ಟರೆ ಬಿಸ್ ಅಂಕಿ ಹೆಚ್ಚೇನೂ ಇಳಿಯುವುದಿಲ್ಲ. ಅಂದರೆ ಬಿಸ್ 45 ಇರುವ ಇಬ್ಬರು ರೋಗಿಗಳಲ್ಲಿ ಒಬ್ಬರಿಗೆ ನೋವಿನ ಔಷಧ ಸಾಕಷ್ಟು ಸೇರಿರಬಹುದು, ಇನ್ನೊಬ್ಬರಿಗೆ ಒಂದು ಹನಿಯೂ ಸೇರಿಲ್ಲದಿರಬಹುದು. ಮಾನಿಟರ್ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮಿದುಳಿನ ಹೊರಪದರ ನಿದ್ದೆ ಹೋಗಿದೆ ಎಂದಷ್ಟೇ ಅದು ಹೇಳಬಲ್ಲದು.

ನೋವಿನ ಮೊದಲ ದಾಖಲೆ ಬರೆಯಲ್ಪಡುವುದು ಬೆನ್ನುಹುರಿಯಲ್ಲಿ. ಕೊಯ್ದ ಜಾಗದ ಸಣ್ಣ ನರತಂತುಗಳು ಬೆನ್ನುಹುರಿಯ ಹಿಂಭಾಗದ ನರಕೋಶಗಳಿಗೆ ಸಂಕೇತ ಕಳಿಸುತ್ತವೆ, ಅಲ್ಲಿ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಸುರಿಯುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಆ ಕೋಶಗಳ ಎನ್‌ಎಂಡಿಎ ಗ್ರಾಹಕದ ಬಾಯನ್ನು ಮೆಗ್ನೀಷಿಯಂ ಮುಚ್ಚಿಕೊಂಡಿರುತ್ತದೆ. ಸಂಕೇತಗಳು ಒಂದರ ಹಿಂದೆ ಒಂದು ಬಡಿಯುತ್ತಲೇ ಇದ್ದರೆ ಆ ಮುಚ್ಚಳ ಕಿತ್ತುಹೋಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಲ್ಲಿಂದ ಮುಂದೆ ಆ ಕೋಶದ ಸ್ವಭಾವವೇ ಬದಲು. ಸಣ್ಣ ಸ್ಪರ್ಶಕ್ಕೂ ದೊಡ್ಡ ಉತ್ತರ ಕೊಡುತ್ತದೆ, ಗಾಯದ ಸುತ್ತಲಿನ ಗಾಯವಾಗದ ಚರ್ಮವೂ ಮುಟ್ಟಿದರೆ ನೋಯುತ್ತದೆ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಪೆಟ್ಟಾದ ಮೇಲಿನ ಅತಿ ಸೂಕ್ಷ್ಮತೆಯ ಒಂದು ಪಾಲು ಗಾಯದಲ್ಲಿಲ್ಲ, ಕೇಂದ್ರ ನರಮಂಡಲದಲ್ಲಿದೆ.

ಹಾಗಾದರೆ ಅನಿಲ ಹೆಚ್ಚಿಸಿದರೆ ಬೆನ್ನುಹುರಿಯೂ ಮಲಗುವುದಿಲ್ಲವೇ? ಇಲ್ಲಿ ಆಡುಗಳ ಒಂದು ಪ್ರಯೋಗ ಕಣ್ಣು ತೆರೆಸುವಂಥದ್ದು. 1993ರಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ಆಂಟೊಗ್ನಿನಿ ಮತ್ತು ಸಹೋದ್ಯೋಗಿಯೊಬ್ಬರು ಆಡಿನ ಮಿದುಳಿಗೆ ಹೋಗುವ ರಕ್ತವನ್ನು ಉಳಿದ ಮೈಯ ರಕ್ತದಿಂದ ಬೇರ್ಪಡಿಸಿದರು. ಆಡಿನ ರಕ್ತನಾಳಗಳ ಜೋಡಣೆ ಇದಕ್ಕೆ ಅನುಕೂಲ. ಇಡೀ ಮೈಗೆ ಐಸೋಫ್ಲುರೇನ್ ತಲುಪುವಂತೆ ಕೊಟ್ಟಾಗ ಶೇ 1.2ಕ್ಕೇ ಆಡು ಅಲುಗಾಡುವುದನ್ನು ನಿಲ್ಲಿಸಿತು. ಮಿದುಳಿಗೆ ಮಾತ್ರ ತಲುಪುವಂತೆ ಮಾಡಿದಾಗ ಶೇ 2.9 ಬೇಕಾಯಿತು. ಅಲುಗಾಟ ನಿಲ್ಲಿಸುವ ಕೆಲಸವನ್ನು ಅನಿಲ ಮಾಡುವುದು ಬಹುಪಾಲು ಬೆನ್ನುಹುರಿಯಲ್ಲಿ ಎಂದಾಯಿತು. ಇದನ್ನು ಓದಿದವರಿಗೆ ಬೆನ್ನುಹುರಿ ನಮ್ಮ ಹಿಡಿತದಲ್ಲಿದೆ ಎಂಬ ಸಮಾಧಾನವಾಗಬಹುದು. ಆದರೆ ಹೊರಗೆ ಹೋಗುವ ಆಜ್ಞೆಯನ್ನು ತಡೆಯುವುದು ಬೇರೆ, ಒಳಗೆ ಬರುವ ಸಂಕೇತವನ್ನು ತಡೆಯುವುದು ಬೇರೆ. ಅದೇ 1993ರಲ್ಲಿ ಸ್ಟೀಫನ್ ಏಬ್ರಾಮ್ ಮತ್ತು ಟೋನಿ ಯಾಕ್ಷ್ ಇಲಿಯ ಪಾದಕ್ಕೆ ಫಾರ್ಮಾಲಿನ್ ಚುಚ್ಚಿ ನೋಡಿದರು. ಫಾರ್ಮಾಲಿನ್ ನೋವು ಎರಡು ಅಲೆಗಳಲ್ಲಿ ಬರುತ್ತದೆ: ಚುಚ್ಚಿದ ಕೂಡಲೇ ಒಂದು, ಸ್ವಲ್ಪ ಹೊತ್ತು ಬಿಟ್ಟು ಬೆನ್ನುಹುರಿ ಕೆರಳಿದ ಮೇಲೆ ಇನ್ನೊಂದು. ಮೊದಲ ಅಲೆಯ ಹೊತ್ತಿನಲ್ಲಿ ಇಲಿಯನ್ನು ಐಸೋಫ್ಲುರೇನ್‌ನಲ್ಲಿ ಮಲಗಿಸಿಟ್ಟು ಆಮೇಲೆ ಅನಿಲ ನಿಲ್ಲಿಸಿದರೂ ಎರಡನೆಯ ಅಲೆ ಬಂದೇ ಬಂತು. ಮೊದಲೇ ಬೆನ್ನುಹುರಿಗೆ ಮಾರ್ಫಿನ್ ಕೊಟ್ಟಿದ್ದರೆ ಅದು ತಗ್ಗಿತು. ನಿದ್ದೆಯಲ್ಲಿದ್ದ ಇಲಿ ಏನನ್ನೂ ಅನುಭವಿಸಲಿಲ್ಲ. ಅದರ ಬೆನ್ನುಹುರಿ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲೇ, ಇಷ್ಟೆಲ್ಲ ಗ್ರಾಹಕಗಳ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಜಾರ್ಜ್ ಕ್ರೈಲ್ ಈ ಅನುಮಾನ ಎತ್ತಿದ್ದರು. ಈಥರ್ ಪ್ರಜ್ಞೆ ತಪ್ಪಿಸುತ್ತದೆ, ಗಾಯದಿಂದ ಮಿದುಳಿಗೆ ಹೋಗುವ ಹೊಡೆತವನ್ನು ತಪ್ಪಿಸುವುದಿಲ್ಲ, ಆದ್ದರಿಂದ ಮಲಗಿಸಿದ ರೋಗಿಗೂ ಕೊಯ್ಯುವ ಜಾಗಕ್ಕೆ ಮರಗಟ್ಟಿಸುವ ಔಷಧ ಕೊಡಿ ಎಂಬುದು ಅವರ ವಾದ. ಅವರ ವಿವರಣೆಯಲ್ಲಿ ಬಹಳಷ್ಟು ಇಂದು ನಿಲ್ಲುವುದಿಲ್ಲ. ಸಲಹೆ ಮಾತ್ರ ಇಂದಿಗೂ ಗಟ್ಟಿ.

ಥಿಯೇಟರಿನಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ ಮೊಣಕಾಲಿನ ಅಥವಾ ಮುಂಗೈಯ ಆಪರೇಷನ್ನಿನಲ್ಲಿ ಕಟ್ಟುವ ಟೂರ್ನಿಕೆ ಸಾಕು. ರಕ್ತ ಬಾರದಂತೆ ತೊಡೆಗೆ ಪಟ್ಟಿ ಕಟ್ಟಿ ಗಾಳಿ ತುಂಬಿರುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ತನಕ ಎಲ್ಲ ಶಾಂತ. ಆಮೇಲೆ ರಕ್ತದೊತ್ತಡ 120 ಇದ್ದದ್ದು 135, 150 ಎಂದು ಹತ್ತತೊಡಗುತ್ತದೆ, ನಾಡಿಯೂ ಜೊತೆಗೆ. ಬಿಸ್ ನೋಡಿದರೆ 42. ರೋಗಿ ಗಾಢ ನಿದ್ದೆಯಲ್ಲಿದ್ದಾನೆ, ಕಾಲು ಮಾತ್ರ ದೂರುತ್ತಿದೆ. ಸೆವೊಫ್ಲುರೇನ್ ಒಂದರಿಂದ ಒಂದೂವರೆ ಮ್ಯಾಕ್‌ಗೆ ಏರಿಸಿದರೆ ಒತ್ತಡ ಇಳಿಯುತ್ತದೆ ನಿಜ. ಇಳಿದದ್ದು ರಕ್ತನಾಳಗಳು ಸಡಿಲಾಗಿ, ಸಿಂಪಥೆಟಿಕ್ ನರಗಳು ಕುಗ್ಗಿ. ಪಟ್ಟಿ ಬಿಚ್ಚಿದ ಕ್ಷಣ ಒತ್ತಡ 80ಕ್ಕೆ ಬಿದ್ದು, ಅದನ್ನು ಏರಿಸುವ ಮೆಫೆಂಟರ್ಮಿನ್ 6 ಮಿ.ಗ್ರಾಂ. ಹುಡುಕುವ ಪರಿಸ್ಥಿತಿ. ಇದೇ ಕಾಲಿಗೆ ಮೊದಲೇ ನರದ ಬ್ಲಾಕ್ (ಆ ಜಾಗದ ನರವನ್ನೇ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದರೆ ಈ ಏರಿಳಿತ ಬಹಳ ಮಟ್ಟಿಗೆ ತಪ್ಪುತ್ತಿತ್ತು. ಆಳ ಹೆಚ್ಚಿಸುವುದರ ದೊಡ್ಡ ತೊಂದರೆ ಇದೇ: ನೋವಿನ ಲಕ್ಷಣಗಳನ್ನು ಅದು ಚೆನ್ನಾಗಿ ಮುಚ್ಚಿಡುತ್ತದೆ. ನಾಡಿ ಸಮ, ಒತ್ತಡ ಸಮ, ರೋಗಿ ಅಲುಗುತ್ತಿಲ್ಲ, ಆದ್ದರಿಂದ ಫೆಂಟನಿಲ್ ಇನ್ನೊಮ್ಮೆ ಬೇಕಿಲ್ಲ ಎಂದು ಕೂತವರಿಗೆ ಉತ್ತರ ಸಿಗುವುದು ರಿಕವರಿ ಕೋಣೆಯಲ್ಲಿ.

ನೇರವಾಗಿ ಮನುಷ್ಯರ ಮೇಲೆ, ಬಿಸ್ ಕಡಿಮೆ ಇಟ್ಟವರಿಗೂ ಹೆಚ್ಚು ಇಟ್ಟವರಿಗೂ ಆಮೇಲಿನ ನೋವನ್ನು ಹೋಲಿಸಿದ ಸಣ್ಣ ಸಣ್ಣ ಅಧ್ಯಯನಗಳು ಹಲವು ಆಗಿವೆ. ಕೆಲವು, ಆಳದಲ್ಲಿದ್ದವರಿಗೆ ಮೊದಲ ದಿನ ಮಾರ್ಫಿನ್ ಸ್ವಲ್ಪ ಕಡಿಮೆ ಸಾಕಾಯಿತು ಎನ್ನುತ್ತವೆ. ಇನ್ನು ಕೆಲವು, ಯಾವ ವ್ಯತ್ಯಾಸವೂ ಇಲ್ಲ ಎನ್ನುತ್ತವೆ. ಈ ಗೊಂದಲಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಮೊದಲನೆಯದಾಗಿ, ಆಳದ ಗುಂಪಿನವರು ನಿಧಾನವಾಗಿ ಏಳುತ್ತಾರೆ. ಮೊದಲ ಅರ್ಧ ಗಂಟೆ ಮಂಪರಿನಲ್ಲಿರುವವರನ್ನು “ಅಮ್ಮಾ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ?” ಎಂದು ನರ್ಸ್ ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡೇ ಎರಡೋ ಮೂರೋ ಅನ್ನುತ್ತಾರೆ. ಚಾರ್ಟಿನಲ್ಲಿ ಅದು ನೋವು ಕಡಿಮೆ ಎಂದು ದಾಖಲಾಗುತ್ತದೆ. ಆರು ಗಂಟೆ ಬಿಟ್ಟು, ಕೆಮ್ಮಿಸಿ, ಎದ್ದು ಕೂರಿಸಿ ಕೇಳಿದ ಅಂಕಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಬೆಲೆ. ಎರಡನೆಯದಾಗಿ, ಎರಡೂ ಗುಂಪಿಗೆ ಒಪಿಯಾಯ್ಡ್ (ಮಾರ್ಫಿನ್, ಫೆಂಟನಿಲ್ ಜಾತಿಯ ನೋವಿನ ಔಷಧ) ಎಷ್ಟು ಸೇರಿತು ಎಂಬುದನ್ನು ಸಮವಾಗಿ ಇಟ್ಟಿಲ್ಲದಿದ್ದರೆ ನಾವು ಹೋಲಿಸುತ್ತಿರುವುದು ಆಳವನ್ನೋ ಒಪಿಯಾಯ್ಡನ್ನೋ ಗೊತ್ತಾಗುವುದಿಲ್ಲ.

ಈ ಎರಡನೇ ಕಾರಣಕ್ಕೆ 2000ದಲ್ಲಿ ಫ್ರಾನ್ಸ್‌ನಿಂದ ಬಂದ ಒಂದು ಅಧ್ಯಯನ ಒಳ್ಳೆಯ ಉದಾಹರಣೆ. ದೊಡ್ಡ ಕರುಳಿನ ಆಪರೇಷನ್ ಆದ 50 ಮಂದಿ. ಒಂದು ಗುಂಪಿಗೆ ಡೆಸ್‌ಫ್ಲುರೇನ್ ಅರ್ಧ ಮ್ಯಾಕ್‌ನಲ್ಲಿ ನಿಲ್ಲಿಸಿ, ಬೇಕಾದಂತೆ ರೆಮಿಫೆಂಟನಿಲ್ ಎಂಬ ಒಪಿಯಾಯ್ಡ್ ಏರಿಸುತ್ತಾ ಹೋದರು. ಅದು ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಸರಾಸರಿ 0.3 ಮೈಕ್ರೋಗ್ರಾಂಗೆ ಮುಟ್ಟಿತು. ಇನ್ನೊಂದು ಗುಂಪಿಗೆ ರೆಮಿಫೆಂಟನಿಲ್ 0.1ರಲ್ಲಿ ನಿಲ್ಲಿಸಿ ಡೆಸ್‌ಫ್ಲುರೇನ್ ಏರಿಸುತ್ತಾ ಹೋದರು. ಮೊದಲ 24 ಗಂಟೆಯಲ್ಲಿ ಮೊದಲ ಗುಂಪಿಗೆ ಬೇಕಾದ ಮಾರ್ಫಿನ್ 59 ಮಿ.ಗ್ರಾಂ., ಎರಡನೆಯದಕ್ಕೆ 32. ಮೇಲ್ನೋಟಕ್ಕೆ ಅನಿಲದ ಆಳ ಗೆದ್ದಂತೆ ಕಾಣುತ್ತದೆ. ಆದರೆ ಸೋತದ್ದು ಅತಿಯಾದ ರೆಮಿಫೆಂಟನಿಲ್. ತೀರಾ ಬೇಗ ಇಳಿದುಹೋಗುವ ಬಲವಾದ ಒಪಿಯಾಯ್ಡನ್ನು ಎತ್ತರದ ಡೋಸಿನಲ್ಲಿ ಓಡಿಸಿ ತಟ್ಟನೆ ನಿಲ್ಲಿಸಿದರೆ, ನರಮಂಡಲ ಮೊದಲಿಗಿಂತ ಹೆಚ್ಚು ಕೆರಳಿ ಕೂರುತ್ತದೆ. ನೋವಿನ ಔಷಧವೇ ನೋವನ್ನು ಹೆಚ್ಚಿಸುವ ಈ ವಿಚಿತ್ರಕ್ಕೆ ಸಾಮಾನ್ಯವಾಗಿ ಹೇಳುವ ಗಡಿ 0.2 ಮೈಕ್ರೋಗ್ರಾಂನ ಆಸುಪಾಸು. ಅದನ್ನು ದಾಟುವುದೇ ಆದರೆ ಕೊಯ್ಯುವ ಮುಂಚೆ ಕೆಟಮೈನ್ ಕೆ.ಜಿ.ಗೆ 0.25ರಿಂದ 0.5 ಮಿ.ಗ್ರಾಂ. ಕೊಟ್ಟಿರುವುದು ಲೇಸು, ಅದು ಎನ್‌ಎಂಡಿಎ ಗ್ರಾಹಕದ ಬಾಯಿಗೇ ಹೋಗಿ ಕೂರುತ್ತದೆ.

ಅನಿಲಗಳಿಗೂ ಇಂಥದ್ದೇ ಒಂದು ಮುಖವಿದೆ. ಇಲಿಗಳಲ್ಲಿ 0.1 ಮ್ಯಾಕ್‌ನಷ್ಟು ಕಡಿಮೆ ಪ್ರಮಾಣದ ಐಸೋಫ್ಲುರೇನ್ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುವುದು ಕಂಡಿದೆ. ಮನುಷ್ಯರು ಈ ಪ್ರಮಾಣವನ್ನು ಹಾದುಹೋಗುವುದು ಏಳುವ ಹೊತ್ತಿನಲ್ಲಿ, ಅನಿಲ ಪೂರ್ತಿ ಹೊರಹೋಗುವ ಮುಂಚಿನ ಆ ಕೆಲವು ನಿಮಿಷಗಳಲ್ಲಿ. ಪ್ರೊಪೊಫಾಲ್ ಡ್ರಿಪ್‌ನಲ್ಲೇ ಇಡೀ ಅನಸ್ತೇಷಿಯಾ ನಡೆಸಿದವರಿಗೆ ಆಮೇಲಿನ ನೋವು ಕೊಂಚ ಕಡಿಮೆ ಎಂದು ಕೆಲವು ಹೋಲಿಕೆಗಳು ತೋರಿಸಿವೆ. ವ್ಯತ್ಯಾಸ ಸಣ್ಣದು. ಅದೊಂದಕ್ಕಾಗಿ ಅನಿಲ ಬಿಟ್ಟು ಡ್ರಿಪ್ ಹಿಡಿಯಬೇಕಿಲ್ಲ. ವಾಂತಿ ಕಡಿಮೆಯಾಗುತ್ತದೆ ಎಂಬುದು ಅದಕ್ಕಿಂತ ಒಳ್ಳೆಯ ಕಾರಣ.

ಹಾಗಂತ ತೆಳುವಾಗಿ ಮಲಗಿಸಿ ಎಂದೂ ಅಲ್ಲ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ, ಆಪರೇಷನ್ ನಡುವೆ ಎಚ್ಚರವಾಗಿತ್ತು ಎಂದು ರೋಗಿ ತಾನಾಗಿ ಹೇಳಿದ್ದು ಸುಮಾರು 19,000 ಜನರಲ್ ಅನಸ್ತೇಷಿಯಾಕ್ಕೆ ಒಂದು. ಸ್ನಾಯು ಸಡಿಲಿಸುವ ಔಷಧ ಕೊಟ್ಟವರಲ್ಲಿ 8,000ಕ್ಕೆ ಒಂದು, ಕೊಡದವರಲ್ಲಿ 1,36,000ಕ್ಕೆ ಒಂದು, ಸಿಸೇರಿಯನ್‌ನಲ್ಲಿ 670ಕ್ಕೆ ಒಂದು. ಸಡಿಲಿಸುವ ಔಷಧ ಕೊಟ್ಟ ಮೇಲೆ ರೋಗಿ ಅಲುಗಾಡಿ ತಿಳಿಸುವ ದಾರಿ ಮುಚ್ಚಿಹೋಗುತ್ತದೆ, ಅದಕ್ಕೇ ಈ ಅಂತರ. ಉಸಿರಿನ ಕೊನೆಯ ಅನಿಲವನ್ನು ವಯಸ್ಸಿಗೆ ಹೊಂದಿಸಿ 0.7 ಮ್ಯಾಕ್‌ಗಿಂತ ಕೆಳಗಿಳಿದರೆ ಅಲಾರಂ ಕೂಗುವಂತೆ ಇಟ್ಟುಕೊಳ್ಳುವುದು ಸುಲಭದ, ಖರ್ಚಿಲ್ಲದ ಕಾವಲು. ನೋವಿನ ಔಷಧ ಸಾಕಷ್ಟಿದ್ದವರಿಗೆ 0.7ರಿಂದ 1 ಮ್ಯಾಕ್ ನಡುವೆ ಕೆಲಸ ನಡೆದುಹೋಗುತ್ತದೆ.

ತೀರಾ ಆಳಕ್ಕೆ ಹೋದರೆ ಆಗುವುದೇನು? ವಯಸ್ಸಾದವರಲ್ಲಿ ಇದನ್ನು ಗಂಭೀರವಾಗಿ ನೋಡಿದ್ದಾರೆ. ಏಳು ದೇಶಗಳ 6,644 ರೋಗಿಗಳನ್ನು, ಎಲ್ಲರೂ 60 ದಾಟಿದವರನ್ನು, ಬಿಸ್ 50 ಮತ್ತು 35ರ ಗುರಿಯ ಎರಡು ಗುಂಪು ಮಾಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದೊಳಗಿನ ಸಾವಿನಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಇರಲಿಲ್ಲ: ಶೇ 6.5 ಮತ್ತು ಶೇ 7.2. ಅದರಲ್ಲೇ 515 ಮಂದಿಯನ್ನು ಇನ್ನಷ್ಟು ಹತ್ತಿರದಿಂದ ಗಮನಿಸಿದಾಗ, ಆಪರೇಷನ್ ಆದ ಮೇಲೆ ದಿಕ್ಕುತಪ್ಪಿದಂತೆ ಮಾತಾಡುವ ಡೆಲಿರಿಯಂ 50ರ ಗುಂಪಿನಲ್ಲಿ ಶೇ 19, 35ರ ಗುಂಪಿನಲ್ಲಿ ಶೇ 28. ಡೆಲಿರಿಯಂನಲ್ಲಿರುವ ಅಜ್ಜಿಗೆ ನೋವು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಡ್ರಿಪ್ ಕೀಳುತ್ತಾರೆ, ಕೈ ಕಟ್ಟಿಸಿಕೊಳ್ಳುತ್ತಾರೆ, ನಿದ್ದೆ ಇಂಜೆಕ್ಷನ್ ಬೀಳುತ್ತದೆ, ನೋವು ಮಾತ್ರ ಅಲ್ಲೇ ಉಳಿಯುತ್ತದೆ. ನೋವು ಕಡಿಮೆ ಮಾಡಲೆಂದು ಆಳಕ್ಕೆ ಒಯ್ಯುವುದು ಇಂಥವರಲ್ಲಿ ತಿರುಗುಬಾಣ.

ಮತ್ತೆ ನಮ್ಮ ಪಿತ್ತಕೋಶದ ರೋಗಿಗೆ ಬರೋಣ. ಈ ಆಪರೇಷನ್ನಿನಲ್ಲಿ ನೋವು ಮೂರು ಬಗೆ. ತೂತು ಮಾಡಿದ ಚರ್ಮ ಮತ್ತು ಸ್ನಾಯುವಿನದು, ಪಿತ್ತಕೋಶ ಬಿಡಿಸಿದ ಒಳಜಾಗದ್ದು, ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆ) ಕೆರಳಿ ಬಲ ಭುಜದಲ್ಲಿ ಕಾಣಿಸಿಕೊಳ್ಳುವುದು. ಸೆವೊಫ್ಲುರೇನ್ ಎಷ್ಟೇ ಏರಿಸಿದರೂ ಈ ಮೂರರಲ್ಲಿ ಒಂದೂ ಮರುದಿನಕ್ಕೆ ಕಡಿಮೆಯಾಗದು. ಕಡಿಮೆ ಮಾಡುವ ದಾರಿಗಳು ಸರಳ. ಮಲಗಿಸಿದ ಮೇಲೆ ಡೆಕ್ಸಮೆಥಸೋನ್ 8 ಮಿ.ಗ್ರಾಂ.; ಎಚ್ಚರವಿರುವಾಗ ಕೊಟ್ಟರೆ ಗುಪ್ತಾಂಗದ ಸುತ್ತ ವಿಪರೀತ ಉರಿ, ತುರಿಕೆ ಬಂದು ರೋಗಿ ಗಾಬರಿಯಾಗುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಅಂದು ರಾತ್ರಿ ಸಕ್ಕರೆ ಏರುವುದನ್ನು ನೋಡಿಕೊಳ್ಳಬೇಕು. ಪ್ಯಾರಾಸಿಟಮಾಲ್ 1 ಗ್ರಾಂ 15 ನಿಮಿಷದಲ್ಲಿ ಡ್ರಿಪ್. ಮೂತ್ರಪಿಂಡ, ಹೊಟ್ಟೆಹುಣ್ಣು, ಆಸ್ತಮಾ ತೊಂದರೆ ಇಲ್ಲವಾದರೆ ಡೈಕ್ಲೋಫೆನ್ಯಾಕ್ 75 ಅಥವಾ ಕೆಟೊರೊಲ್ಯಾಕ್ 30 ಮಿ.ಗ್ರಾಂ. ತೂತು ಮಾಡುವ ಜಾಗಗಳಿಗೆ ಶೇ 0.25ರ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧ 20 ಮಿ.ಲೀ. ಹಂಚಿ ಕೊಡುವುದು. ವಯಲ್‌ನಲ್ಲಿರುವುದು ಸಾಮಾನ್ಯವಾಗಿ ಶೇ 0.5, ಅಷ್ಟೇ ಸಲೈನ್ ಬೆರೆಸಬೇಕು. 20 ಮಿ.ಲೀ.ಗೆ 50 ಮಿ.ಗ್ರಾಂ. ಆಯಿತು, 60 ಕೆ.ಜಿ.ಗೆ ಮಿತಿ 120, ತೊಂದರೆಯಿಲ್ಲ.

ಇಲ್ಲಿ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಚರ್ಮದಡಿ ಮಾತ್ರ ಒಂದು ಗುಳ್ಳೆ ಎಬ್ಬಿಸಿ ಬಿಡುತ್ತಾರೆ, ಸ್ನಾಯುವಿನ ಹೊದಿಕೆ ಮತ್ತು ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂವರೆಗೆ ಸೂಜಿ ಹೋಗುವುದಿಲ್ಲ. ಅಥವಾ ಎಲ್ಲ ತೂತಿಗೂ ಸಮ ಹಂಚುತ್ತಾರೆ. ಹೆಚ್ಚು ನೋಯುವುದು ಹೊಕ್ಕುಳ ಹತ್ತಿರದ 10 ಮಿ.ಮೀ. ತೂತು, ಪಿತ್ತಕೋಶ ಹೊರಬರುವುದು ಸಾಮಾನ್ಯವಾಗಿ ಅಲ್ಲಿಂದಲೇ. ಅರ್ಧ ಔಷಧ ಅದಕ್ಕೇ ಮೀಸಲಿಡಬೇಕು. ಕೊಯ್ಯುವ ಮುಂಚೆಯೋ ಕೊನೆಗೋ ಎಂಬ ವಾದ ಬಹಳ ವರ್ಷ ನಡೆದಿದೆ. ಒಂದೇ ಔಷಧವನ್ನು ಮುಂಚೆ ಕೊಟ್ಟದ್ದಕ್ಕೂ ನಂತರ ಕೊಟ್ಟದ್ದಕ್ಕೂ ಇಲಿಯಲ್ಲಿ ಕಂಡಷ್ಟು ದೊಡ್ಡ ವ್ಯತ್ಯಾಸ ಮನುಷ್ಯರಲ್ಲಿ ಕಂಡಿಲ್ಲ. ಗಾಯದಿಂದ ಸಂಕೇತ ಬರುವುದು ಕೊಯ್ದ ಕ್ಷಣದಲ್ಲಷ್ಟೇ ಅಲ್ಲ, ಊತ ಇಳಿಯುವ ತನಕ ದಿನಗಟ್ಟಲೆ; ಮೊದಲ ಹೊಡೆತ ತಡೆದು ಉಳಿದದ್ದನ್ನು ಬಿಟ್ಟರೆ ಬೆನ್ನುಹುರಿ ಸಂಜೆಯೊಳಗೆ ಕೆರಳುತ್ತದೆ. ಯಾವಾಗ ಶುರು ಮಾಡಿದಿರಿ ಎನ್ನುವುದಕ್ಕಿಂತ ನಡುವೆ ಬಿಡುವು ಬಿಡಲಿಲ್ಲ ತಾನೇ ಎನ್ನುವುದು ಮುಖ್ಯ.

ಭುಜದ ನೋವಿಗೆ ಮದ್ದು ಸರ್ಜನ್ ಕೈಯಲ್ಲೇ ಇದೆ: ಹೊಟ್ಟೆಗೆ ತುಂಬುವ ಅನಿಲದ ಒತ್ತಡ 15 ಮಿ.ಮೀ. ಪಾದರಸದ ಬದಲು 10ರಿಂದ 12ರಲ್ಲಿ ಇಡುವುದು, ಕೊನೆಗೆ ತೂತುಗಳ ಕವಾಟ ತೆರೆದು ಹೊಟ್ಟೆ ಒತ್ತಿ ಅನಿಲ ಹೊರಗೆ ಬಿಡುವುದು. ಅದೇ ಹೊತ್ತಿಗೆ ಅರಿವಳಿಕೆಯವರು ಐದು ನಿಧಾನದ ದೊಡ್ಡ ಉಸಿರು ಕೊಟ್ಟರೆ ವಪೆಯಡಿ ಸಿಕ್ಕಿಕೊಂಡದ್ದೂ ಹೊರಬರುತ್ತದೆ. ಎರಡು ನಿಮಿಷದ ಕೆಲಸ, ಊಟದ ಹೊತ್ತಾಯಿತೆಂದು ಮೊದಲು ಕೈಬಿಡುವುದೂ ಇದನ್ನೇ. ಇನ್ನು ಮಾರ್ಫಿನ್. ಮುಗಿಯಲು ಇಪ್ಪತ್ತು ಮೂವತ್ತು ನಿಮಿಷ ಇರುವಾಗ 3ರಿಂದ 5 ಮಿ.ಗ್ರಾಂ. ರಕ್ತನಾಳಕ್ಕೆ ಕೊಟ್ಟರೂ ಅದು ಪೂರ್ತಿ ಹಿಡಿಯಲು 20 ನಿಮಿಷ ಬೇಕು. ಟ್ಯೂಬ್ ತೆಗೆದ ಮೇಲೆ, ರೋಗಿ ಕೂಗಿದ ಮೇಲೆ ಕೊಟ್ಟರೆ ಆ 20 ನಿಮಿಷ ರೋಗಿಯ ಪಾಲಿಗೆ.

ಮಾರ್ಫಿನ್ ಇಲ್ಲದ ಕಡೆ ಏನು ಮಾಡುವುದು? ಇದು ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾಗಿ ಮಾರ್ಫಿನ್, ಫೆಂಟನಿಲ್ ಮೊದಲಾದವನ್ನು ಅಗತ್ಯ ಔಷಧಗಳೆಂದು ಗುರುತಿಸಿ, ಹಲವು ಲೈಸೆನ್ಸ್‌ಗಳ ಬದಲು ಒಂದೇ ಅನುಮತಿ ಸಾಕೆಂದು ಮಾಡಿದರು. ಆದರೂ ರಿಜಿಸ್ಟರು, ಬೀಗ, ಲೆಕ್ಕಪತ್ರದ ರಗಳೆಯೇ ಬೇಡವೆಂದು ತರಿಸದ ಸಣ್ಣ ಆಸ್ಪತ್ರೆಗಳಿವೆ. ಅಂಥ ಕಡೆ ಕೈಗೆ ಸಿಗುವುದು ಪೆಂಟಜೋಸಿನ್ ಮತ್ತು ಟ್ರಮಡಾಲ್, ಉಳಿದದ್ದಕ್ಕೆ ಅನಿಲ ಏರಿಸುವುದು. ಪೆಂಟಜೋಸಿನ್‌ಗೆ ಒಂದು ಮಿತಿಯಿದೆ, ಅದರ ಮೇಲೆ ಎಷ್ಟು ಕೊಟ್ಟರೂ ನೋವು ಇಳಿಯದು. ಜೊತೆಗೆ, ಫೆಂಟನಿಲ್ ಕೆಲಸ ಮಾಡುತ್ತಿರುವಾಗ ಇದನ್ನು ಕೊಟ್ಟರೆ ಅದೇ ಗ್ರಾಹಕದಿಂದ ಫೆಂಟನಿಲ್ ಅನ್ನು ತಳ್ಳಿ ನೋವು ಹೆಚ್ಚಿಸಲೂಬಹುದು. ಇಂಥ ಆಸ್ಪತ್ರೆಗಳಲ್ಲಿ ಬುಪಿವಕೇನ್‌ಗೆ ಇನ್ನಷ್ಟು ಬೆಲೆ ಕೊಡಬೇಕು. ಅದಕ್ಕೆ ರಿಜಿಸ್ಟರೂ ಬೇಡ, ಬೀಗವೂ ಬೇಡ. ಹೊಕ್ಕುಳ ಕೆಳಗಿನ ಆಪರೇಷನ್ನುಗಳಲ್ಲಿ ಬಹುಪಾಲಿಗೆ ಜನರಲ್ ಬದಲು ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೆಳಭಾಗವನ್ನಷ್ಟೇ ಮರಗಟ್ಟಿಸುವುದು) ಸಾಕು, ಆಗ ಬೆನ್ನುಹುರಿಗೆ ಸುದ್ದಿ ಮುಟ್ಟುವ ಬಾಗಿಲೇ ಮುಚ್ಚಿರುತ್ತದೆ.

ನಿದ್ದೆಯಲ್ಲಿರುವವರ ನೋವನ್ನೇ ಅಳೆಯುವ ಯಂತ್ರಗಳೂ ಬಂದಿವೆ. ಬೆರಳಿನ ನಾಡಿಯ ಅಲೆಯ ಎತ್ತರ, ಎರಡು ಬಡಿತಗಳ ನಡುವಿನ ಅಂತರ, ಚರ್ಮದ ಬೆವರು, ಕಣ್ಣಿನ ಪಾಪೆಯ ಅಗಲ ಇತ್ಯಾದಿಗಳಿಂದ ಒಂದು ಅಂಕಿ ಕಟ್ಟುತ್ತವೆ. ನೆದರ್‌ಲೆಂಡ್ಸ್‌ನಲ್ಲಿ 50 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಇಂಥ ಅಂಕಿ ನೋಡಿ ಫೆಂಟನಿಲ್ ಕೊಟ್ಟವರಿಗೆ ರಿಕವರಿ ಕೋಣೆಯಲ್ಲಿ ನೋವು ಕಡಿಮೆ ಇತ್ತು. ಅಟ್ರೋಪಿನ್, ಬೀಟಾ ಬ್ಲಾಕರ್, ಪೇಸ್‌ಮೇಕರ್, ರಕ್ತಸ್ರಾವ ಇದ್ದಾಗ ಈ ಅಂಕಿಗಳು ದಾರಿ ತಪ್ಪಿಸುತ್ತವೆ. ದುಬಾರಿಯೂ ಹೌದು. ಆದರೆ ಅವು ಇಟ್ಟ ಹೆಜ್ಜೆ ಸರಿ: ನಿದ್ದೆಗೆ ಒಂದು ಅಂಕಿ, ನೋವಿಗೆ ಇನ್ನೊಂದು.

ರೋಗಿಗಳು ತಮ್ಮ ಕಡೆಯಿಂದ ಮಾಡಬಹುದಾದದ್ದೂ ಇದೆ. ಮೊದಲೇ ದಿನಾ ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ, ಹಿಂದಿನ ಆಪರೇಷನ್ ಆದ ಜಾಗ ತಿಂಗಳುಗಟ್ಟಲೆ ನೋಯುತ್ತಿದ್ದರೆ, ಸಂಜೆ ಒಂದು ಪೆಗ್ ಅಭ್ಯಾಸವಿದ್ದರೆ, ಅದನ್ನು ಮುಚ್ಚಿಡದೆ ಅರಿವಳಿಕೆ ವೈದ್ಯರಿಗೆ ಹೇಳಬೇಕು. ಯಾರಿಗೆ ನೋವು ಹೆಚ್ಚಾದೀತು ಎಂದು ಊಹಿಸಲು ಇವು ಬಿಸ್ ಅಂಕಿಗಿಂತ ಎಷ್ಟೋ ಉಪಯೋಗ. “ಎಷ್ಟು ಮತ್ತು ಕೊಡ್ತೀರಿ?” ಎಂಬುದರ ಬದಲು “ಎದ್ದ ಮೇಲೆ ನೋವಿಗೆ ಏನು ಕೊಡ್ತೀರಿ, ಬ್ಲಾಕ್ ಮಾಡ್ತೀರಾ?” ಎಂದು ಕೇಳಿ. ಎದ್ದ ಮೇಲೆ ಚಡಪಡಿಕೆ ಇದ್ದರೆ ಅದು ನೋವೇ ಆಗಿರಬೇಕಿಲ್ಲ. ಮೂತ್ರ ತುಂಬಿಕೊಂಡಿರಬಹುದು, ಚಳಿಯಿರಬಹುದು, ಆಮ್ಲಜನಕ ಕಡಿಮೆಯಿರಬಹುದು. ಮನೆಯವರು ಪಕ್ಕದಲ್ಲಿದ್ದರೆ ನರ್ಸಿಗೆ ಇವನ್ನೂ ನೋಡಲು ಹೇಳಬಹುದು. ತೂತುಗಳಿಗೆ ಕೊಟ್ಟ ಬುಪಿವಕೇನ್ ನಾಲ್ಕರಿಂದ ಎಂಟು ಗಂಟೆಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಆಗಿದ್ದರೆ ಸಂಜೆ ನೋವಿಲ್ಲವೆಂದು ಪ್ಯಾರಾಸಿಟಮಾಲ್ ಬೇಡವೆನ್ನುವವರು ರಾತ್ರಿ ಹನ್ನೊಂದಕ್ಕೆ ಬೆಲ್ ಒತ್ತುತ್ತಾರೆ. ಕೊನೆಯ ಡೋಸ್ ಆಗಿ ಆರು ಗಂಟೆಯಾಯಿತೇ, ನೋವು ಇರಲಿ ಬಿಡಲಿ, ಮುಂದಿನದನ್ನು ತೆಗೆದುಕೊಳ್ಳಬೇಕು. ಮೊದಲ ಎರಡು ದಿನ ಹೀಗೆ ಗಡಿಯಾರ ನೋಡಿ, 24 ಗಂಟೆಗೆ 4 ಗ್ರಾಂ ಮೀರದಂತೆ. ಲಿವರ್ ತೊಂದರೆಯಿದ್ದವರು, 50 ಕೆ.ಜಿ.ಗಿಂತ ಕಡಿಮೆ ತೂಕದವರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ.